ಹಾಜರಿ ಪ್ರಕಾರ ನೀರು

ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಆದರೆ ಕಣ್ಣಾರೆ ನೋಡಿದ ಭೂಗೋಳ ಬಹಳ ಕಡಿಮೆ. ಜಯನಗರದಲ್ಲಿ ಶಾಲೆ, ಉತ್ತರಹಳ್ಳಿಯಲ್ಲಿ ಮನೆ, ನಡುವೆ ಬಸ್ಸು. ಸಮುದ್ರವನ್ನು ಎರಡು ಸಲ ನೋಡಿದ್ದೇನೆ, ಹಿಮವನ್ನು ಫ್ರಿಜ್ಜಿನಲ್ಲಿ ಮಾತ್ರ. ಮರುಭೂಮಿಯೆಂದರೆ ಮರಳು, ಒಂಟೆ, ಖರ್ಜೂರ ಎಂದು ಎಷ್ಟು ಮಕ್ಕಳ ಕೈಯಲ್ಲಿ ಬರೆಸಿದೆನೋ ಲೆಕ್ಕವಿಲ್ಲ. ಪಾಠದ ಕೊನೆಗೆ ಶೀತ ಮರುಭೂಮಿ ಎಂದು ಎರಡು ಸಾಲು ಇರುತ್ತಿತ್ತು, ಉದಾಹರಣೆಗೆ ಲಡಾಖಿನ ಲೇಹ್ ಪಟ್ಟಣ. ಚಳಿ ಇದ್ದ ಮೇಲೆ ಅದೆಂಥ ಮರುಭೂಮಿ ಎಂದು ನನಗೇ ಗುಮಾನಿ. ಅಲ್ಲಿಗೆ ಬರುವಷ್ಟರಲ್ಲಿ ಬೆಲ್ಲೂ ಹೊಡೆಯುತ್ತಿತ್ತು. "ಅದು ಪರೀಕ್ಷೆಗೆ ಬರಲ್ಲ, ಬಿಡ್ರಿ" ಎಂದು ಪುಸ್ತಕ ಮುಚ್ಚುತ್ತಿದ್ದೆ. ಈ ಬೇಸಿಗೆಯಲ್ಲಿ ಆ ಎರಡು ಸಾಲು ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೇ ಬಂದು ಇಳಿದುಕೊಂಡಿತು. ಪರೀಕ್ಷೆಯೂ ಆಯಿತು. ನಾನು ಫೇಲಾದೆ.

ನಮ್ಮದು ಎಂಟೇ ಮನೆಗಳ ಕಟ್ಟಡ. ಊರಿನ ಹಳಬರು ಈ ಜಾಗಕ್ಕೆ ಇವತ್ತಿಗೂ ಕೆರೆಯಂಗಳ ಎಂದೇ ಅನ್ನುತ್ತಾರೆ. ಅಂದರೆ ಕೆರೆಯ ಹೊಟ್ಟೆಯ ಮೇಲೆ ಮನೆ ಕಟ್ಟಿಕೊಂಡು, ನೀರಿಲ್ಲ ನೀರಿಲ್ಲ ಎಂದು ಬಾಯಿ ಬಡಿದುಕೊಳ್ಳುವ ಜನ ನಾವು. ಮಾರ್ಚ್ ಕಾಲಿಟ್ಟದ್ದೇ ತಡ, ಬೋರ್‌ವೆಲ್ಲು ಗೊರಗೊರ ಗಾಳಿ ಉಗುಳಿ ಸುಮ್ಮನಾಯಿತು. ಆಮೇಲೆ ಟ್ಯಾಂಕರೇ ಗತಿ. ಟ್ಯಾಂಕರಿನವನು ಕೆಳಗಿನ ಸಂಪಿನೊಳಕ್ಕೆ ನೀರು ಬಿಟ್ಟು ಹೋಗುತ್ತಾನೆ, ಮೋಟಾರು ಅದನ್ನು ತಾರಸಿಗೆ ಏರಿಸುತ್ತದೆ. ತಾರಸಿಯ ಮೇಲೆ ಮನೆಗೊಂದರಂತೆ ಎಂಟು ಕಪ್ಪು ಟ್ಯಾಂಕುಗಳು, ಒಂದೊಂದಕ್ಕೂ ಒಂದು ವಾಲ್ವು. ಬೆಳಿಗ್ಗೆ ಯಾರಾದರೊಬ್ಬರು ಮೇಲೆ ನಿಂತು ಒಂದು ವಾಲ್ವು ಮುಚ್ಚಿ ಇನ್ನೊಂದು ತೆರೆಯುತ್ತಾ ಬರಬೇಕು. ಈ ಕೆಲಸ ಯಾರಿಗೆ ಎಂದು ಮೀಟಿಂಗಿನಲ್ಲಿ ಪ್ರಶ್ನೆ ಎದ್ದಾಗ ಎಲ್ಲರೂ ಒಂದೇ ಉಸಿರಿಗೆ, "ಮಿಸ್ ಇದಾರಲ್ಲ, ಸಖತ್ ಸ್ಟ್ರಿಕ್ಟು" ಎಂದರು. ನಾನು ಬೇಡ ಬೇಡ ಎನ್ನುತ್ತಲೇ ತಾರಸಿಯ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ. ಸರ್ವೇ ಇಲಾಖೆಯಿಂದ ನಿವೃತ್ತರಾದ ನನ್ನ ಗಂಡ ಪೇಪರಿನಿಂದ ತಲೆ ಎತ್ತದೆ, "ಅಂತೂ ನೀರುಗಂಟಿ ಆದೆ" ಎಂದರು. ಹಿಂದೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವನಿಗೆ ಹಾಗೆನ್ನುತ್ತಿದ್ದರು. ಅವರು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ಹೆಡ್‌ಮಿಸ್ಟ್ರೆಸ್ ಆದಷ್ಟು ಸಂತೋಷವಾಯಿತು. ಸರ್ವೀಸಿನಲ್ಲಿ ಅದು ಆಗಿರಲಿಲ್ಲ.

ಟೀಚರಿಗೆ ನ್ಯಾಯ ಎಂದರೆ ಹಾಜರಿ ಪುಸ್ತಕ. ಒಂದನೇ ನಂಬರಿನಿಂದ ಶುರು, ಎಂಟನೇ ನಂಬರಿಗೆ ಮುಗಿತಾಯ, ತಲಾ ಹದಿನೈದು ನಿಮಿಷ. ಒಂದನೇ ನಂಬರು ನಮ್ಮ ಮನೆ. ಅದಕ್ಕೆ ನಾನೇನು ಮಾಡಲಿ, ಬಿಲ್ಡರ್ ಹಾಕಿದ ನಂಬರು. ಟ್ಯಾಂಕರು ಪೂರ್ತಿ ತುಂಬಿ ಬಂದ ದಿನ ಎಲ್ಲರಿಗೂ ಸಿಗುತ್ತಿತ್ತು. ಹಾಗೆ ಬಂದದ್ದು ಕಡಿಮೆ. ಸಾಮಾನ್ಯವಾಗಿ ಆರನೇ ವಾಲ್ವಿಗೆ ಸಂಪು ಒಣಗಿ ಮೋಟಾರು ಬರೀ ಅರಚುತ್ತಿತ್ತು. ಏಳನೇ ನಂಬರು ನರ್ಸ್ ಡೋಲ್ಮಾಳ ಬಾಡಿಗೆ ಮನೆ. ಎಂಟನೆಯದು ವನಜಾಕ್ಷಿಯದು. ಅಲ್ಲಿ ಅವಳು, ಅವಳ ಗಂಡ, ಮತ್ತು ಹಾಸಿಗೆ ಹಿಡಿದ ಅತ್ತೆ ಸೀತಮ್ಮ.

ಸೀತಮ್ಮನವರು ನನ್ನ ಸ್ನೇಹಿತೆ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತು ಕಲಸಿಹೋಯಿತು. ಅದಕ್ಕೆ ಮೊದಲು ಕೇರಿಯ ಸುದ್ದಿಯೆಲ್ಲ ಅವರ ಬಾಯಲ್ಲೇ ಹಾದು ಬರಬೇಕಿತ್ತು. ಈಗಲೂ ದಿನಾ ನಾಲ್ಕು ಗಂಟೆಗೆ ನಾನು ಹೋಗಿ ಕೂರುತ್ತಿದ್ದೆ. ಅವರ ಕಲಸಿದ ಮಾತು ವನಜಾಕ್ಷಿಯನ್ನು ಬಿಟ್ಟರೆ ನನಗೊಬ್ಬಳಿಗೇ ತಿಳಿಯುತ್ತದೆ ಎಂದು ನನಗೆ ಜಂಬ. "ಈ ಮನೆಯಿಂದ ನನ್ನ ನಾಲ್ಕು ಜನ ಹೊತ್ಕೊಂಡೇ ಹೋಗ್ಬೇಕು, ಅದಕ್ಕೆ ಮುಂಚೆ ಹೊಸಿಲು ದಾಟಲ್ಲ" ಎನ್ನುವುದು ಅವರ ಹಟ. ಗಿರಿನಗರದ ಮಗಳು ಕರೆದುಕೊಂಡು ಹೋಗುತ್ತೇನೆ ಎಂದಾಗಲೆಲ್ಲ ಎಡಗೈಯಲ್ಲಿ ಮಂಚದ ಪಟ್ಟಿ ಹಿಡಿದುಬಿಡುತ್ತಿದ್ದರು.

ಏಪ್ರಿಲ್ ಮೊದಲ ವಾರ ವನಜಾಕ್ಷಿ ನಮ್ಮ ಬಾಗಿಲಿಗೆ ಬಂದಳು. "ಮಿಸ್, ಅತ್ತೆ ಬಟ್ಟೆ ಒಗೆಯೋಕೂ ನೀರಿಲ್ಲ. ಎರಡು ದಿನದಿಂದ ಮೈ ಒರೆಸಿಲ್ಲ, ಬೆನ್ನಲ್ಲಿ ಹುಣ್ಣಾಗ್ತಿದೆ. ಹಿಂಗೇ ಆದ್ರೆ ನಾದಿನಿ ಕರ್ಕೊಂಡು ಹೋಗ್ತಾಳೆ. ಒಂದ್ ಸ್ವಲ್ಪ ದಿನ ನಮಗೆ ಮೊದಲು ಬಿಡ್ತೀರಾ?" ನಾನು ಕರಗಿಹೋಗಬೇಕಿತ್ತು. ಆದರೆ ಒಳಗಿದ್ದ ಟೀಚರು ಎದ್ದು ನಿಂತಳು. "ರೂಲ್ ಅಂದ್ರೆ ರೂಲ್ ಅಲ್ವೇನಮ್ಮ, ಒಬ್ಬರಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ" ಎಂದೆ. ಹಾಗೆ ಹೇಳಿ, ನಮ್ಮ ಮನೆಯ ಎರಡು ಬಕೆಟ್ ನೀರನ್ನು ಏದುಸಿರು ಬಿಡುತ್ತಾ ಮೂರನೇ ಮಹಡಿಗೆ ಹೊತ್ತುಕೊಟ್ಟೆ. ಆ ಎರಡು ಬಕೆಟ್ಟಿನ ಸುದ್ದಿಯನ್ನು ಹೂವಿನವಳಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ಹೇಳಿದೆ.

ಅಷ್ಟರಲ್ಲಿ ಡೋಲ್ಮಾಳ ಅಪ್ಪ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಲೇಹ್‌ನಿಂದ ಬಂದರು. ಅಲ್ಲಿ ಬಿತ್ತನೆ ಮೇ ತಿಂಗಳಿಗಂತೆ, ಅಷ್ಟರೊಳಗೆ ವಾಪಸು ಹೋಗಬೇಕು. ಮುಖದ ತುಂಬ ಸುಕ್ಕು, ಒಂದು ಕಣ್ಣಿಗೆ ಹಸಿರು ಪಟ್ಟಿ, ಕೈಯಲ್ಲಿ ಜಪಮಣಿ. ಡೋಲ್ಮಾ ಎಂಟು ವರ್ಷದಿಂದ ಇಲ್ಲಿದ್ದು ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಾಳೆ. ಒಂದು ಭಾನುವಾರ ಅಪ್ಪನನ್ನು ನಮ್ಮ ಮನೆಗೆ ಕರೆತಂದಳು. ಮುದುಕರು ಕಾಫಿ ಲೋಟ ಹಿಡಿದು ಕಿಟಕಿಯಾಚೆಯ ದೊಡ್ಡ ಮಳೆಮರವನ್ನೇ ನೋಡುತ್ತಾ ಏನೋ ಕೇಳಿದರು. "ಆ ಮರ ಯಾರ ಮನೇದು, ಯಾರು ನೀರು ಹಾಕ್ತಾರೆ ಅಂತ ಕೇಳ್ತಿದಾರೆ ಮಿಸ್" ಎಂದಳು ಡೋಲ್ಮಾ. ಯಾರದೂ ಅಲ್ಲ, ತಾನಾಗಿ ಬೆಳೆದದ್ದು ಎಂದೆ. ಅವರು ನಂಬಲಿಲ್ಲ. ಅವರ ಊರಿನಲ್ಲಿ ಯಾರೋ ನೆಟ್ಟು, ಯಾರೋ ನೀರು ಬಿಡದೆ ಒಂದು ಮರವೂ ಇಲ್ಲವಂತೆ. ಕಾಲುವೆ ಹೋದಷ್ಟು ದೂರ ಹಸಿರು, ಕಾಲುವೆ ನಿಂತ ಕಡೆ ಬರೀ ಕಂದು ಬೆಟ್ಟ.

ಅವತ್ತು ನಾನು ಬಿಟ್ಟಿದ್ದ ಪಾಠವನ್ನು ಪೂರ್ತಿ ಕೇಳಿದೆ. ಹನ್ನೊಂದು ಸಾವಿರ ಅಡಿಗೂ ಮೇಲೆ ಊರು. ಮಳೆ ಬಂದರೆ ಮೇಲಿನ ಧೂಳು ನೆನೆಯುವಷ್ಟು. ಬಿಸಿಲಿಗೆ ಕೂತರೆ ಮುಖ ಸುಡುತ್ತದೆ, ಅದೇ ಹೊತ್ತಿಗೆ ನೆರಳಿನಲ್ಲಿಟ್ಟ ಕಾಲು ಮರಗಟ್ಟುತ್ತದೆ. ಚಳಿಗಾಲದಲ್ಲಿ ನಲ್ಲಿಯೊಳಗಿನ ನೀರೇ ಕಲ್ಲಾಗುತ್ತದೆ, ಡಬ್ಬ ಹಿಡಿದು ಸಾಲು ನಿಲ್ಲಬೇಕು. ಬೇಸಿಗೆ ಬಂದರೆ ಪ್ರವಾಸಿಗಳು, ಹೋಟೆಲುಗಳು, ಅವರ ಬೋರ್‌ವೆಲ್ಲುಗಳು. ಅವರ ಕೇರಿಯ ಐದಾರು ಮನೆಗಳಿಗೆ ಸೇರಿ ಒಂದೇ ಮನೆದೇವರು. ಒಂದು ಮನೆಯಲ್ಲಿ ಸಾವಾದರೆ ಆ ಮನೆಯವರು ಅತ್ತರೆ ಸಾಕು, ಅಡುಗೆಯಿಂದ ಹಿಡಿದು ಹೊರುವುದರವರೆಗೆ ಎಲ್ಲವೂ ಉಳಿದ ಮನೆಗಳದ್ದು. ನನ್ನ ಗಂಡ ಇದನ್ನೆಲ್ಲ ಕೇಳಿ, "ನಮ್ಮಲ್ಲೂ ಇದೆ, ಎಂಟು ಮನೆಗೆ ಒಂದು ಮೋಟಾರು" ಎಂದರು. ನನಗೆ ನಗು ಬರಲಿಲ್ಲ. ಸುಮ್ಮನೆ ಸಂಕಟವಾಯಿತು.

ಆದರೂ ನನ್ನ ಬುದ್ಧಿ ನೋಡಿ. ಮರುವಾರದ ಮೀಟಿಂಗಿಗೆ ಈ ಮುದುಕರನ್ನೇ ಕರೆಸಿ ನಾಲ್ಕು ಮಾತು ಆಡಿಸಬೇಕು ಎನಿಸಿತು. ಮರುಭೂಮಿಯವರೇ ಶಿಸ್ತಿನಿಂದ ಸರದಿ ಪಾಲಿಸುತ್ತಾರೆಂದು ಅವರ ಬಾಯಿಂದಲೇ ಬಂದರೆ, ನನ್ನ ಹಾಜರಿ ಪದ್ಧತಿಗೆ ಎದುರಾಡುವವರ ಬಾಯಿ ಮುಚ್ಚುತ್ತದಲ್ಲ. ಡೋಲ್ಮಾಗೆ ಡ್ಯೂಟಿ ಇತ್ತು. ಮುದುಕರಿಗೆ ಬರುವ ಹಿಂದಿಯನ್ನು ಕನ್ನಡ ಮಾಡುವ ಭಾರ ನಾನೇ ಹೊತ್ತೆ. ಹುಡುಗಿಯಾಗಿದ್ದಾಗ ಹಿಂದಿ ಪ್ರಥಮಾ ಪಾಸು ಮಾಡಿದವಳು, ಸರ್ಟಿಫಿಕೇಟು ಇನ್ನೂ ಟ್ರಂಕಿನಲ್ಲಿದೆ.

ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಎಲ್ಲರೂ ಕೂತರು. ಮುದುಕರು ನಿಧಾನವಾಗಿ ಹೇಳಿದರು: ಬಿತ್ತನೆ ಹೊತ್ತಿಗೆ ಹಿಮ ಇನ್ನೂ ಕರಗಿರುವುದಿಲ್ಲ, ಕಾಲುವೆಯಲ್ಲಿ ಬೆರಳಗಲ ನೀರು. ಆಗ ಕೇರಿಯವರೆಲ್ಲ ಸೇರಿ ಒಬ್ಬನ ಕೈಗೆ ಗುದ್ದಲಿ ಕೊಡುತ್ತಾರೆ. ಯಾರ ಹೊಲಕ್ಕೆ ಎಷ್ಟು ಹೊತ್ತು ಎಂದು ಅವನೇ ಮಣ್ಣು ಸರಿಸಿ ನೀರು ತಿರುಗಿಸುತ್ತಾನೆ, ಅವನ ಮಾತಿಗೆ ಎದುರಿಲ್ಲ. ನಾನು ಇಷ್ಟನ್ನೂ ಕನ್ನಡದಲ್ಲಿ ಹೇಳಿ, "ಕೇಳಿಸ್ಕೊಂಡ್ರಾ, ಎದುರಿಲ್ಲ!" ಎಂದು ನನ್ನದೂ ಒಂದು ಒತ್ತು ಹಾಕಿದೆ. ಮುದುಕರು ಇನ್ನೂ ಮುಗಿಸಿರಲಿಲ್ಲ. ಒಂದು ಬೆರಳೆತ್ತಿ ಹೇಳಿದರು: ಅವರ ಅಪ್ಪನೂ ಒಂದು ವರ್ಷ ಗುದ್ದಲಿ ಹಿಡಿದಿದ್ದರು, ಗುದ್ದಲಿ ಹಿಡಿದವನ ಹೊಲಕ್ಕೆ ನೀರು ಆಖಿರ್ ಮೆಂ, ಎಲ್ಲರದೂ ಆದ ಮೇಲೆ ಆಖಿರ್ ಮೆಂ. ಅವನ ಹೊಲ ಮೊದಲು ಹಸಿರಾದರೆ ಗುದ್ದಲಿ ಕಿತ್ತುಕೊಳ್ಳುತ್ತಾರೆ.

ಎಲ್ಲರೂ ನನ್ನ ಮುಖ ನೋಡಿದರು. "ಎಲ್ಲರೂ ಅವರವರ ಸರದಿ ಬರೋವರೆಗೆ ತಾಳ್ಮೆಯಿಂದ ಕಾಯ್ತಾರಂತೆ, ನಮ್ಮ ಹಾಗೇ" ಎಂದೆ. ಚಪ್ಪಾಳೆ ಕೂಡ ಬಿತ್ತು. ಮುದುಕರು ನನ್ನ ಕಡೆ ತಿರುಗಿ ಕೈಮುಗಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಸಾರಿಗೆ ಅನ್ನ ಕಲಸುತ್ತಾ ಕೇಳಿದರು: "ಆಖಿರ್ ಅಂದ್ರೆ ನಮ್ಮ ಅಖೈರು ತಾನೆ? ಅಖೈರು ಮಾಡೋದು ಅಂತ ಆಫೀಸಲ್ಲಿ ಸರ್ವೀಸ್ ಪೂರ್ತಿ ಬರೆದಿದೀನಿ. ಕೊನೆ ಅಂತ. ಆ ಒಂದು ಮಾತು ಯಾಕೆ ನುಂಗಿದೆ?" "ಸರಿ, ಒಂದನೇ ತಾರೀಕಿನಿಂದ ಎಂಟರಿಂದ ಶುರು ಮಾಡ್ತೀನಿ. ತಿಂಗಳ ಮಧ್ಯ ಹಾಜರಿ ಪುಸ್ತಕ ಬದಲಾಯಿಸೋದುಂಟಾ?" ಎಂದೆ. ಅವರು ಮಜ್ಜಿಗೆ ಬಡಿಸಿಕೊಂಡರು. ಒಂದನೇ ತಾರೀಕಿಗೆ ಇನ್ನು ಒಂಬತ್ತು ದಿನವಿತ್ತು.

ಸೀತಮ್ಮನವರನ್ನು ಕರೆದುಕೊಂಡು ಹೋದದ್ದು ಅದೇ ವಾರದ ಬುಧವಾರ. ಹುಣ್ಣು ಕೆಂಪಾಗಿ ಜ್ವರ ಬಂದಿತ್ತು. ಮಗಳು ಬಂದು, ಅಳಿಯ ಬಂದು, ಮಗನೂ ಸೇರಿ, ಕುರ್ಚಿಯ ಮೇಲೆ ಕೂರಿಸಿ ಮೆಟ್ಟಿಲಿಳಿಸಿದರು. ನಾಲ್ಕು ಜನವೇ ಹೊತ್ತಿದ್ದರು. ನಾಲ್ಕನೆಯವರು ನನ್ನ ಗಂಡ. ಸೀತಮ್ಮನವರ ಎಡಗೈ ಮೆಟ್ಟಿಲಿನ ಕಂಬಿಯನ್ನು ಹಿಡಿದುಕೊಳ್ಳುತ್ತಿತ್ತು. ವನಜಾಕ್ಷಿ ಪ್ರತಿ ತಿರುವಿನಲ್ಲೂ ಬೆರಳು ಬಿಡಿಸುತ್ತಾ ಬಂದಳು. ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ. ನಾನೂ ಹೋಗಿ ಆ ಕೈ ಹಿಡಿದುಕೊಳ್ಳಬಹುದಿತ್ತು, ಧೈರ್ಯ ಸಾಲಲಿಲ್ಲ.

ಮಾರನೆಯ ಬೆಳಿಗ್ಗೆಯೇ ಎಂಟನೇ ವಾಲ್ವನ್ನು ಮೊದಲು ತೆರೆದೆ. ತಾರೀಕು ಗೀರೀಕು ನೋಡಲಿಲ್ಲ. ಅವತ್ತು ನಮ್ಮ ಟ್ಯಾಂಕಿಗೆ ಹನಿ ನೀರೂ ಬರಲಿಲ್ಲ. ಇವರು ಎರಡು ಚೊಂಬಿನಲ್ಲಿ ಸ್ನಾನದ ಶಾಸ್ತ್ರ ಮುಗಿಸಿದರು. ನನಗೆ ಒಳಗೊಳಗೇ ಹೆಮ್ಮೆಯಾಗುತ್ತಿರುವಾಗ ವನಜಾಕ್ಷಿ ತಾರಸಿಗೆ ಬಟ್ಟೆ ಒಣಗಿಸಲು ಬಂದಳು. "ಇಷ್ಟು ನೀರು ಏನ್ಮಾಡ್ಲಿ ಮಿಸ್? ಈಗ ಇಬ್ರೇ ಇರೋದು" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. ತಂತಿಗೆ ಒಂದು ಸೀರೆ ಹರವುತ್ತಾ, "ಆ ಅಜ್ಜ ಹೇಳಿದ ಮೇಲೆ ಮಾರನೇ ದಿನಾನೇ ತಿರುಗಿಸ್ತೀರ ಅಂದ್ಕೊಂಡಿದ್ವಿ" ಎಂದಳು.

"ನಿಂಗೆ ಹಿಂದಿ ಬರುತ್ತೇನಮ್ಮ?"

"ನಾನು ಬೆಳೆದಿದ್ದೇ ಸಿಕಂದರಾಬಾದಲ್ಲಿ ಮಿಸ್, ನಮ್ಮಪ್ಪ ರೈಲ್ವೇಲಿದ್ರು. ಅವತ್ತು ಎಲ್ಲರಿಗೂ ಅರ್ಥ ಆಯ್ತು. ದೊಡ್ಡೋರು, ಹೆಂಗೆ ಕೇಳೋದು ಅಂತ ಸುಮ್ನಿದ್ವಿ."

ಆಮೇಲೆ ವಿಚಾರಿಸಿದೆ. ನಾಲ್ಕನೇ ನಂಬರಿನವರು ಪುಣೆಯಲ್ಲಿ ಹತ್ತು ವರ್ಷ ಇದ್ದವರು. ಎರಡನೇ ನಂಬರಿನ ಅಜ್ಜಿ ಹಿಂದಿ ಧಾರಾವಾಹಿ ನೋಡದೆ ಊಟ ಮಾಡುವವರಲ್ಲ. ಸರ್ಟಿಫಿಕೇಟು ಇದ್ದದ್ದು ನನಗೊಬ್ಬಳಿಗೆ.

ನಾಲ್ಕು ದಿನ ತಡೆದು ಗಿರಿನಗರಕ್ಕೆ ಫೋನು ಮಾಡಿದೆ. ಮಗಳು ಫೋನನ್ನು ಸೀತಮ್ಮನವರ ಕಿವಿಗೆ ಹಿಡಿದಳು. ಅವರು ಕಷ್ಟಪಟ್ಟು ನಾಲ್ಕೈದು ಸಲ ಒಂದೇ ಮಾತನ್ನು ಹೇಳಿದರು. ಮಗಳು ಫೋನು ತೆಗೆದುಕೊಂಡಾಗ, ಈ ಸಲ ಒಂದಕ್ಷರವನ್ನೂ ನುಂಗಬಾರದು ಎಂದುಕೊಂಡು ಹೇಳಿದೆ: "ಮನೆಗೆ ಕರ್ಕೊಂಡು ಹೋಗು ಅಂತಿದಾರಮ್ಮ. ಇಲ್ಲಿ ಈಗ ನಿಮ್ಮನೆಗೇ ಮೊದಲು ನೀರು ಬಿಡ್ತಿದೀನಿ."

"ಅದು ನಮಗೂ ಅರ್ಥ ಆಗುತ್ತೆ ಮಿಸ್. ದಿನಾ ಅದೊಂದೇ ಹೇಳೋದು" ಎಂದಳು ಅವಳು. "ಹುಣ್ಣು ಇನ್ನೂ ಮಾಗಿಲ್ಲ. ಮಳೆ ಹಿಡೀಲಿ, ಆಮೇಲೆ ನೋಡೋಣ. ಈ ಸಲ ಮಳೆ ಯಾವಾಗ ಬರುತ್ತೆ? ನಿಮಗೆ ಗೊತ್ತಿರುತ್ತಲ್ಲ."

ಗೊತ್ತಿಲ್ಲಮ್ಮ ಎಂದೆ. ಹಿಂದಿನಿಂದ ಸೀತಮ್ಮನವರ ದನಿ ಮತ್ತೆ ಕೇಳಿಸಿತು, ನನ್ನ ಹೆಸರು ಹಿಡಿದು. ಏನೆಂದರೋ ಅರ್ಥವಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಫೋನು ಇಟ್ಟೆ.