ಸಾಲ ಕೊಟ್ಟವರಿಗೊಂದು ಹೋಳಿಗೆ ಊಟ

ಸಾಲ ಮಾಡುವುದು ಯಾರಿಗೆ ಬೇಕಾದರೂ ಬರುತ್ತದೆ, ತೀರಿಸುವುದು ಮಾತ್ರ ಮನೆತನಕ್ಕೆ ಬಂದಿರಬೇಕು ಎಂಬುದು ಬೆಟಗೇರಿಯ ಸೀರೆ ವ್ಯಾಪಾರಿ ಅಂದಾನಪ್ಪನವರ ಸಿದ್ಧಾಂತ. ಅವರ ಮನೆತನದಲ್ಲಿ ಅದಕ್ಕೊಂದು ಪದ್ಧತಿಯೂ ಇತ್ತು. ಕಡೆಯ ಕಂತು ಮುಟ್ಟಿದ ವಾರದಲ್ಲೇ ಸಾಲ ಕೊಟ್ಟವರನ್ನು ಮನೆಗೆ ಕರೆದು, ಹೋಳಿಗೆ ಊಟ ಹಾಕಿ, ಎಲೆ ಅಡಿಕೆ ಕೊಟ್ಟು, ಸಾಲದ ಕಾಗದವನ್ನು ಅವರ ಕೈಯಿಂದಲೇ ಮರಳಿ ಪಡೆಯಬೇಕು. ಅಜ್ಜ ಹಾಗೆ ಮಾಡಿದ್ದರು, ಅಪ್ಪ ಹಾಗೆ ಮಾಡಿದ್ದರು. ಕಾರಿನ ಸಾಲದ ಮೂವತ್ತಾರನೆಯ ಮತ್ತು ಕೊನೆಯ ಕಂತು ಬ್ಯಾಂಕಿನ ಖಾತೆಯಿಂದ ಕಡಿತವಾದ ಸೋಮವಾರದ ಮುಂಜಾನೆ, ಅಂದಾನಪ್ಪನವರು ಹೆಗಲ ಮೇಲಿನ ಟವೆಲು ಕೊಡವಿ, ದಂಡಯಾತ್ರೆ ಮುಗಿಸಿ ಬಂದ ದೊರೆಯ ಗತ್ತಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಶುಕ್ರವಾರ ಹೋಳಿಗಿ ಮಾಡು. ಸಾಲ ಕೊಟ್ಟವರನ್ನ ಊಟಕ್ಕ ಕರಿಯೂದೈತಿ."

ಹೆಂಡತಿ ಗದಿಗೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎಷ್ಟ ಮಂದಿ?"

"ಒಬ್ಬನ. ಚನ್ನಬಸವಣ್ಣ."

"ಅಂವಾ ಸಾಲ ಕೊಟ್ಟಾನೇನು?"

"ಮತ್ಯಾರು ಕೊಟ್ಟಾರ? ಗಾಡಿ ಅವನ ಕಡೆ ತಗೊಂಡೇವಿ, ಸಹಿ ಅವನ ಮುಂದ ಮಾಡೇವಿ. ಪ್ರಶ್ನಿ ಕೇಳಬ್ಯಾಡ, ಬ್ಯಾಳಿ ತಗಿ."

ಗದಿಗೆವ್ವ ಒಂದು ಸೇರು ಕಡಲೆಬೇಳೆ ಅಳೆದು ಬದಿಗಿಟ್ಟರು.

ಚನ್ನಬಸವಣ್ಣ ಗದಗದ ಮುಳಗುಂದ ನಾಕಾದಾಚೆಯ ಶೋರೂಮಿನಲ್ಲಿ ಕಾರು ಮಾರುವವನು. ಮೂರು ವರ್ಷದ ಹಿಂದೆ ಅವನ ಮೇಜಿನ ಮುಂದೆ ಕುಳಿತು ಅಂದಾನಪ್ಪನವರು ನಲವತ್ತೆರಡು ಕಡೆ ಸಹಿ ಹಾಕಿದ್ದರು. ಒಂದನ್ನೂ ಓದಿರಲಿಲ್ಲ. ಎದುರಿಗೆ ಕುಳಿತ ಮನುಷ್ಯನನ್ನು ನಂಬದೆ ಕಾಗದವನ್ನು ಓದುವುದು ಅವರ ದೃಷ್ಟಿಯಲ್ಲಿ ಅಪಮಾನಕರ. ಕಾರಿನ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರೆಂದು ಉದ್ದನೆಯ ಇಂಗ್ಲಿಷ್ ಹೆಸರೊಂದು ಅಚ್ಚಾಗಿತ್ತು. ಮನೆಯಲ್ಲಿ ಕರೆಯುವ ಹೆಸರೊಂದು, ಶಾಲೆಯಲ್ಲಿ ಹಚ್ಚಿದ ಹೆಸರೊಂದು ಇರುವಂತೆ, ಅದು ಚನ್ನಬಸವಣ್ಣನ ಶೋರೂಮಿಗೇ ಇರುವ ಎರಡನೆಯ ಹೆಸರೆಂದು ಅವರು ತಿಳಿದಿದ್ದರು.

ಅಂದಿನಿಂದ ಚನ್ನಬಸವಣ್ಣನಿಗೆ ಸಾಲಗಾರನೊಬ್ಬ ಸಾಹುಕಾರನಿಗೆ ಸಲ್ಲಿಸಬೇಕಾದ ಸಕಲ ಮರ್ಯಾದೆಯೂ ಸಂದಿತ್ತು. ಅವನು ಅಂಗಡಿಗೆ ಬಂದರೆ ಗಾದಿಯ ಮೇಲಿನ ಜಾಗ ಅವನಿಗೆ, ತುದಿಯ ಜಾಗ ಅಂದಾನಪ್ಪನವರಿಗೆ. ಅವನ ಹೆಂಡತಿಗೆ ಇಳಕಲ್ ಸೀರೆ ಅಸಲು ದರದಲ್ಲಿ. ಪ್ರತಿ ತಿಂಗಳು ಕಂತು ಕಡಿತವಾದ ದಿನ ಅಂದಾನಪ್ಪನವರು ಫೋನು ಮಾಡಿ, "ಮುಟ್ಟಿತೇನಪಾ?" ಎನ್ನುವರು. ಅವನು, "ಮುಟ್ಟಿತ್ರಿ ಕಾಕಾ," ಎನ್ನುವನು. ಮೂವತ್ತಾರು ತಿಂಗಳು ಇದು ತಪ್ಪಿರಲಿಲ್ಲ.

ಈ ಸಲದ ಊಟದ ಹಿಂದೆ ಮರ್ಯಾದೆಗಿಂತ ದೊಡ್ಡ ಅವಸರವೊಂದಿತ್ತು. ಪಕ್ಕದ ಮಳಿಗೆ ಖಾಲಿಯಾಗಿತ್ತು. ಗೋಡೆ ಒಡೆದು ಎರಡನ್ನೂ ಒಂದು ಮಾಡಿದರೆ ಬೆಟಗೇರಿಯಲ್ಲಿ ತಮ್ಮಷ್ಟು ಉದ್ದದ ಸೀರೆ ಅಂಗಡಿ ಇನ್ನೊಂದಿರುವುದಿಲ್ಲ ಎಂಬುದು ಅಂದಾನಪ್ಪನವರ ಹತ್ತು ವರ್ಷದ ಕನಸು. ಮಳಿಗೆಯ ಮಾಲೀಕ ಪುಂಡಲೀಕಪ್ಪ, "ಶುಕ್ರವಾರ ಸಂಜಿ ಐದಕ್ಕ ಎಂಬತ್ತ ಸಾವಿರ ಮುಂಗಡ ಇಡ್ರಿ, ಇಲ್ಲಂದ್ರ ಮೊಬೈಲ್ ಅಂಗಡಿಯವರು ಕಾಯಾಕತ್ತಾರ," ಎಂದು ಹೇಳಿಬಿಟ್ಟಿದ್ದ. ಆ ಹಣಕ್ಕಾಗಿ ಕಾರನ್ನು ಮುಂಡರಗಿಯ ಶೇಂಗಾ ದಲಾಲ ಖಾಸಿಂಸಾಬರಿಗೆ ಮಾರುವುದೆಂದು ಮಾತಾಗಿತ್ತು. ಶುಕ್ರವಾರ ಮಧ್ಯಾಹ್ನ ರೊಕ್ಕದೊಂದಿಗೆ ಬರುತ್ತೇನೆಂದು ಖಾಸಿಂಸಾಬರು ಒಪ್ಪಿದ್ದರು. ಅವರ ಷರತ್ತು ಒಂದೇ: ಸಾಲ ಮುಟ್ಟಿದೆ ಎಂಬ ಕಾಗದ ಕೈಗೆ ಬರಬೇಕು. ಅದಿಲ್ಲದೆ ಆರ್‌ಸಿಯ ಮೇಲಿನ ಸಾಲದವರ ಹೆಸರು ಅಳಿಯದು, ಕಾರು ಇನ್ನೊಬ್ಬರ ಹೆಸರಿಗೆ ಆಗದು.

ಸೋಮವಾರವೇ ಅಂದಾನಪ್ಪನವರು ಶೋರೂಮಿಗೆ ಹೋಗಿ, ಪದ್ಧತಿಯಂತೆ ಮೊದಲು ಊಟಕ್ಕೆ ಕರೆದರು. ಚನ್ನಬಸವಣ್ಣ ಸಂತೋಷದಿಂದ ಒಪ್ಪಿ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನೂ ಕರೆತರುವುದಾಗಿ ಹೇಳಿದ. ಆಮೇಲೆ ಕಾಗದದ ಮಾತು ಬಂತು.

"ಕಾಗದ ನಮ್ಮ ಕಡೆ ಎಲ್ಲಿ ಬರಬೇಕ್ರಿ ಕಾಕಾ? ನಾವು ಗಾಡಿ ಮಾರೋರು. ಸಾಲ ನಮ್ಮದಲ್ರಿ."

"ನಿಮ್ಮದಲ್ಲ? ಮತ್ತ ತಿಂಗಳಾ ಮುಟ್ಟಿತ್ರಿ ಅಂತಿದ್ದೆಲ್ಲ?"

"ಗಿರಾಕಿಗೆ ಇಲ್ಲ ಅನಬಾರದು ಅಂತ ನಮಗ ಟ್ರೇನಿಂಗ್ ಕೊಟ್ಟಾರ್ರಿ."

ಅಂದಾನಪ್ಪನವರು ಮೂರು ವರ್ಷದ ಅಸಲು ದರದ ಸೀರೆಗಳನ್ನು ಮನಸ್ಸಿನಲ್ಲೇ ಎಣಿಸಿದರು. ಚನ್ನಬಸವಣ್ಣ ಸಮಾಧಾನ ಹೇಳಿದ: "ಸಾಲದ ಫೈಲ್ ಮಾಡಿದಂವ ಜಾವೀದ ಅಂತ ಅದಾನ್ರಿ, ಲಕ್ಷ್ಮೇಶ್ವರದಾಗ. ಅವನ್ನ ಹಿಡೀರಿ."

ಸಂಜೆ ಈ ಸುದ್ದಿ ಅಡುಗೆಮನೆಗೆ ಮುಟ್ಟಿದಾಗ ಗದಿಗೆವ್ವ ಕೇಳಿದರು, "ಅಂದ್ರ ಚನ್ನಬಸವಣ್ಣ ಊಟಕ್ಕ ಬರಾಂಗಿಲ್ಲ?"

"ಕರದೇನಿ. ಹೆಂಗ ಬ್ಯಾಡ ಅನಲಿ? ನಾಕ ಮಂದಿ ಬರ್ತಾರ."

"ಸಾಲ ಕೊಡದಾಂವಗ ನಾಕ ಎಲಿ. ಕೊಟ್ಟಾಂವಗ ಎಷ್ಟೋ."

ಮಂಗಳವಾರ ಅಂದಾನಪ್ಪನವರು ನಲವತ್ತು ಕಿಲೋಮೀಟರು ಕಾರು ಓಡಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋದರು. ಝೆರಾಕ್ಸ್ ಅಂಗಡಿಯೊಂದರ ಮೂಲೆಯಲ್ಲಿ ಒಂದು ಮೇಜು, ಎರಡು ಕುರ್ಚಿ. ಅದೇ ಜಾವೀದನ ಕಚೇರಿ. ಅವನು ಎದ್ದು ನಿಂತು ಚಹಾ ತರಿಸಿದ. ಚಹಾ ಕುಡಿದ ಮೇಲೆ ಊಟಕ್ಕೆ ಕರೆಯದಿರುವುದು ಹೇಗೆ? ಕರೆದರು. ಬೈಕು ಬಾವನದು, ಬಾವನನ್ನು ಬಿಟ್ಟು ಬರುವುದು ಸರಿಯಲ್ಲ ಎಂದ ಜಾವೀದ. ಅವನನ್ನೂ ಕರೆದರು. ನಂತರ ಕಾಗದ ಕೇಳಿದರು.

"ಸಾಲ ನಾ ಎಲ್ಲಿಂದ ಕೊಡ್ಲಿ ಅಂದಾನಪ್ಪಾರ? ನನಗ ಈ ಮೇಜಿನ ಬಾಡಿಗಿ ಕಟ್ಟಾಕ ಆಗವಲ್ದು. ಸಹಿ ಮಾಡಿಸಿ ಫೈಲ್ ಕಂಪನಿಗೆ ಕಳಿಸ್ತೇನಿ, ಫೈಲಿಗಿಷ್ಟು ಅಂತ ಕಮಿಷನ್ ಕೊಡ್ತಾರ. ಅಲ್ಲಿಗೆ ನನ್ನ ಕೆಲಸ ಮುಗೀತು."

"ಕಂಪನಿ ಎಲ್ಲೈತಿ?"

"ಗದಗಿನಾಗ್ರಿ. ನಿಮ್ಮ ಅಂಗಡಿಯಿಂದ ನಡಕೋಂತ ಹೋದ್ರ ಹದಿನೈದ ಮಿನಿಟು."

ಅಂದಾನಪ್ಪನವರು ಬಂದ ದಾರಿಗೆ ಸುಂಕವಿಲ್ಲದೆ ಹಿಂತಿರುಗಿದರು. ಗದಿಗೆವ್ವ ಗಂಡನ ಮುಖ ನೋಡಿ, ಡಬ್ಬಿಯ ಮುಚ್ಚಳ ತೆಗೆದು, ಎರಡನೆಯ ಸೇರು ಅಳೆದರು.

ಬುಧವಾರ ಕಂಪನಿಯ ಶಾಖೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಐದು ಜನ ನೌಕರರು. ವ್ಯವಸ್ಥಾಪಕ ವೀರು ಶಿರಹಟ್ಟಿಯ ಹುಡುಗ, ಕೊರಳಲ್ಲಿ ಗುರುತಿನ ಚೀಟಿ. ಬಾಗಿಲ ಮೇಲೆ ಆರ್‌ಸಿಯಲ್ಲಿದ್ದ ಉದ್ದನೆಯ ಹೆಸರೇ ಇದ್ದುದನ್ನು ಕಂಡು, ಕೊನೆಗೂ ಸಾಹುಕಾರ ಸಿಕ್ಕನೆಂದು ಅಂದಾನಪ್ಪನವರ ಕಣ್ಣು ತೇವವಾಯಿತು. ಒಬ್ಬನನ್ನೇ ಕರೆದರೆ ಉಳಿದವರು ನೊಂದುಕೊಂಡಾರೆಂದು ಐವರನ್ನೂ ಊಟಕ್ಕೆ ಕರೆದು, ಹಗುರಾಗಿ ಕುಳಿತರು.

ವೀರು ಗಣಕಯಂತ್ರದಲ್ಲಿ ನೋಡಿದ. "ಕಂತೆಲ್ಲಾ ಬರೋಬರಿ ಅದಾವ್ರಿ. ಆದ್ರ ನಿಮ್ಮ ಸಾಲ ನಮ್ಮ ಕಡೆ ಇಲ್ರಿ. ಎರಡ ವರ್ಷದ ಹಿಂದ ಮಾರೇವಿ."

"ಏನ ಮಾರೇರಿ?"

"ನಿಮ್ಮ ಸಾಲಾರಿ. ಮುಂಬೈದಾಗಿನ ಒಂದು ಬ್ಯಾಂಕಿಗೆ."

ಅಂದಾನಪ್ಪನವರು ಕುರ್ಚಿಯ ತುದಿಗೆ ಬಂದರು. "ನನ್ನ ಸಾಲ ನನಗ ಹೇಳದ ಮಾರಿದ್ರಿ? ಎಮ್ಮಿ ಮಾರಿದ್ರ ಎಮ್ಮಿಗಾದ್ರೂ ಗೊತ್ತಾಗತೈತಲ್ಲೋ ತಮ್ಮಾ."

"ಪತ್ರ ಕಳಿಸೇವಲ್ರಿ, ಇಂಗ್ಲಿಷಿನಾಗ."

ಇಂಗ್ಲಿಷ್ ಪತ್ರಗಳನ್ನೆಲ್ಲ ಜಾಹೀರಾತೆಂದು ಬಗೆದು ಸೀರೆಯ ಮಡಿಕೆಗಳ ನಡುವೆ ಇಟ್ಟು ಗಿರಾಕಿಗಳಿಗೆ ಕಳಿಸುವ ತಮ್ಮ ಮಿತವ್ಯಯ ಅಂದಾನಪ್ಪನವರಿಗೆ ನೆನಪಾಯಿತು. ಅವರು ಮಾತು ಹೊರಳಿಸಿದರು. "ನನ್ನೊಬ್ಬನ್ನ ಮಾರಿದ್ರೇನು?"

"ಇಲ್ರಿ, ಸಾವಿರದ ಇನ್ನೂರ ಸಾಲ ಒಂದ ಗಂಟು ಕಟ್ಟಿ ಮಾರಿದ್ವಿ."

ಗಂಟಿನ ವ್ಯಾಪಾರ ಅಂದಾನಪ್ಪನವರಿಗೆ ಹೊಸದಲ್ಲ. ಒಳ್ಳೆಯ ಸೀರೆಗಳ ನಡುವೆ ನಾಲ್ಕು ಹರಕು ಸೇರಿಸಿ ಸಾಗಹಾಕುವ ವಿದ್ಯೆಯನ್ನು ಅವರು ಬಲ್ಲರು. ಆದ್ದರಿಂದ ದನಿ ತಗ್ಗಿಸಿ ಕೇಳಿದರು, "ಆ ಗಂಟಿನಾಗ ನಾ ಮ್ಯಾಲಿದ್ನೋ, ನಡುವ ಇದ್ನೋ?"

"ಎಲ್ಲಾ ಒಂದ ನಂಬರ್ ಸಾಲಾನ ಇದ್ವು ಬಿಡ್ರಿ."

ಕ್ಷಣಕಾಲ ಅವರಿಗೆ ಹೆಮ್ಮೆಯೆನಿಸಿತು. ನಂತರ ಬೆರಳು ಮಡಚಿ ಲೆಕ್ಕ ಹಾಕಿದರು. "ಗಾಡಿ ಮಾರಿದಂವ ಚನ್ನಬಸವಣ್ಣ. ಸಹಿ ತಗೊಂಡಂವ ಜಾವೀದ. ಆರ್‌ಸಿಯಾಗ ಹೆಸರು ನಿಮ್ಮದು. ಸಾಲ ಮುಂಬೈದವರದು. ಕಂತು ಯಾರು ವಸೂಲಿ ಮಾಡಿದ್ರಿ?"

"ನಾವ ರಿ. ಅವರ ಪರವಾಗಿ."

"ಹಂಗಾದ್ರ ಇದರಾಗ ನಂದೇನೈತಿ?"

"ಕಟ್ಟೂದು ನಿಮ್ಮದ್ರಿ."

ಕಾಗದದ ವಿಷಯದಲ್ಲಿ ವೀರು ಸ್ಪಷ್ಟವಾಗಿದ್ದ. ಸಾಲ ತೀರಿತೆಂದು ಮುಂಬೈಯವರು ಶಾಖೆಗೆ ತಿಳಿಸಬೇಕು, ಆಮೇಲೆ ಶಾಖೆಯವರು ಕಾಗದ ಕೊಡಬೇಕು, ಅದಕ್ಕೆ ಇಪ್ಪತ್ತೊಂದು ದಿನ ಹಿಡಿಯುತ್ತದೆ. ಆದರೆ ಎಲೆಯ ಮುಂದೆ ಕುಳಿತ ಮನುಷ್ಯ ಇಲ್ಲ ಎನ್ನಲಾರ ಎಂಬುದು ಅಂದಾನಪ್ಪನವರ ಇನ್ನೊಂದು ಸಿದ್ಧಾಂತ. ಎರಡನೆಯ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಕಾಗದ ಹೊರಬರುತ್ತದೆಂದು ಅವರು ದೃಢವಾಗಿ ನಂಬಿದರು.

"ಹನ್ನೊಂದು ಮಂದಿ," ಎಂದರು ಗದಿಗೆವ್ವ, ಮೂರನೆಯ ಸೇರು ಅಳೆಯುತ್ತ. "ಖಾಸಿಂಸಾಬರು ಹನ್ನೆರಡು. ಮುಂಬೈದವರು ಯಾವ ರೇಲ್ವೆಕ್ಕ ಬರ್ತಾರ ಅಂತ ಈಗ ಹೇಳಿಬಿಡ್ರಿ, ಇನ್ನೂ ಎರಡ ಸೇರು ನೆನಿ ಇಡ್ತೇನಿ."

ಶುಕ್ರವಾರ ಎಲ್ಲರೂ ಬಂದರು. ಚನ್ನಬಸವಣ್ಣ ಸಂಸಾರ ಸಮೇತ ಬಂದ. ವೀರುವಿನ ಕಚೇರಿಯವರು ಊಟದ ವೇಳೆಯೆಂದು ಶಾಖೆಗೆ ಬೀಗ ಹಾಕಿಕೊಂಡು ಬಂದರು. ಜಾವೀದನೂ ಅವನ ಬಾವನೂ ಖಾಸಿಂಸಾಬರೂ ಜುಮ್ಮಾ ನಮಾಜು ಮುಗಿಸಿ ಬಂದರು. ಮೊದಲ ಸುತ್ತು ಹೋಳಿಗೆ ಹೋಯಿತು, ಎರಡನೆಯದು ಹೋಯಿತು. ತುಪ್ಪ ಬಿತ್ತು. ಕಾಗದ ಮಾತ್ರ ಹೊರಬರಲಿಲ್ಲ.

ಖಾಸಿಂಸಾಬರು ಕೈ ತೊಳೆದು, ರೊಕ್ಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು. "ಊಟ ಫಸ್ಟ್‌ಕ್ಲಾಸ್ ಆತ್ರಿ. ಕಾಗದ ತರ್ರಿ, ರೊಕ್ಕ ಎಣಸೂಣು."

ಅಂದಾನಪ್ಪನವರು ಚನ್ನಬಸವಣ್ಣನ ಕಡೆ ನೋಡಿದರು. ಚನ್ನಬಸವಣ್ಣ ಜಾವೀದನ ಕಡೆ ನೋಡಿದ. ಜಾವೀದ ವೀರುವಿನ ಕಡೆ ನೋಡಿದ. ವೀರು ಕಿಟಕಿಯಾಚೆ, ಮುಂಬೈ ಇರಬಹುದಾದ ದಿಕ್ಕಿಗೆ ನೋಡಿದ.

ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದ ಗದಿಗೆವ್ವ ವೀರುವಿನ ಎಲೆಯ ಮುಂದೆ ಬಂದು ನಿಂತರು. "ತಮ್ಮಾ, ನಮ್ಮವರು ಕಂತು ಕಟ್ಟೂದು ಬಿಟ್ಟಿದ್ರ, ಗಾಡಿ ಒಯ್ಯಾಕ ನಿಮ್ಮೊಳಗ ಯಾರು ಬರ್ತಿದ್ರಿ?"

"ನಾವ್ಯಾರೂ ಅಲ್ರಿ ಅವ್ವಾರ. ಅದಕ್ಕ ಹುಬ್ಬಳ್ಳ್ಯಾಗ ಬ್ಯಾರೇ ಮಂದಿ ಅದಾರ."

"ಅವರು ಬರಾಕ ಎಷ್ಟ ದಿನಾ ಹಿಡೀತೈತಿ?"

"ಫೋನ್ ಮಾಡಿದ್ರ ಮರದಿವಸ ಮುಂಜಾನೆ ಬರ್ತಾರ್ರಿ."

"ಒಯ್ಯಾಕ ಒಂದ ದಿನಾ, ಕಾಗದ ಕೊಡಾಕ ಇಪ್ಪತ್ತೊಂದು ದಿನಾ. ಉಣ್ಣು ತಮ್ಮಾ, ಇನ್ನೊಂದು ಹಾಕಲೇನು?"

ವೀರು ಬೇಡವೆನ್ನಲಿಲ್ಲ. ಎಲೆಯ ಮುಂದೆ ಕುಳಿತವನು ಇಲ್ಲ ಎನ್ನಲಾರ ಎಂಬ ಸಿದ್ಧಾಂತ ಅಷ್ಟರ ಮಟ್ಟಿಗೆ ಸತ್ಯವಾಯಿತು.

ಖಾಸಿಂಸಾಬರು ಚೀಲದ ಬಾಯಿ ಕಟ್ಟಿದರು. "ಅಂದಾನಪ್ಪಾರ, ಕೊಟ್ಟ ಮಾತು ಕೊಟ್ಟದ್ದ. ಕಾಗದ ಬಂದ ದಿನ ಬಂದು ಗಾಡಿ ಒಯ್ತೇನಿ. ಇವತ್ತ ರೊಕ್ಕ ಕೊಟ್ರ ಮುಂದ ನನ್ನ ರೊಕ್ಕ ಯಾರ ಕಡೆ ಐತಿ ಅಂತ ಹುಡಕ್ಯಾಡಕೋಂತ ನಾನೂ ಊರ ಮಂದಿಗೆಲ್ಲಾ ಊಟ ಹಾಕಬೇಕಾಗತೈತಿ."

ನಾಲ್ಕು ಗಂಟೆಗೆ ಮನೆ ಖಾಲಿಯಾಯಿತು. ನಾಲ್ಕೂಕಾಲಿಗೆ ಪುಂಡಲೀಕಪ್ಪನ ಫೋನು ಬಂತು: ಮೊಬೈಲ್ ಅಂಗಡಿಯವರು ರೊಕ್ಕ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ, ಐದರವರೆಗೆ ಮಾತ್ರ ಕಾಯುತ್ತೇನೆ. ಅಂದಾನಪ್ಪನವರು ಎಂಜಲೆಲೆಗಳ ನಡುವೆ ಗೋಡೆಗೊರಗಿ ಕುಳಿತರು. ಹತ್ತು ವರ್ಷದ ಕನಸಿನಂಗಡಿಯಲ್ಲಿ ಯಾರೋ ಮೊಬೈಲಿಗೆ ಕವರು ಹಾಕುತ್ತಿರುವ ದೃಶ್ಯ ಕಣ್ಣಿಗೆ ಕಟ್ಟಿತು. ಇಡೀ ವಾರದಲ್ಲಿ ಮೊದಲ ಬಾರಿಗೆ ಅವರ ಬಳಿ ಯಾವ ಸಿದ್ಧಾಂತವೂ ಇರಲಿಲ್ಲ.

ಗದಿಗೆವ್ವ ಅವರನ್ನೊಮ್ಮೆ ನೋಡಿ, ಸೆರಗು ಹೊದ್ದುಕೊಂಡು ಓಣಿಗಿಳಿದರು. ಹಿಂತಿರುಗಿ ಬಂದಾಗ ಗಡಿಯಾರ ನಾಲ್ಕು ನಲವತ್ತು ತೋರಿಸುತ್ತಿತ್ತು. ಗಂಡನ ಮುಂದೆ ನೋಟಿನ ಕಟ್ಟುಗಳನ್ನಿಟ್ಟು, ಒಂದು ಲೆಕ್ಕದ ವಹಿಯನ್ನೂ ಪೆನ್ನನ್ನೂ ಚಾಚಿದರು. "ಎಂಬತ್ತ ಐತಿ. ಇಲ್ಲಿ ಸಹಿ ಮಾಡ್ರಿ."

ಅಂದಾನಪ್ಪನವರು ಓದದೆ ಸಹಿ ಮಾಡಿದರು. ಕಟ್ಟುಗಳನ್ನು ಎದೆಗವಚಿಕೊಂಡರು. "ಬಾಳ ಛಲೋ ಆತು. ಕಡೀಕೂ ಸಾಲ ಕೊಟ್ಟವರ ಮುಖ ಕಣ್ಣಮುಂದ ಐತಿ. ತೀರಿಸಿದ ದಿನ ನಿನ್ನ ಎಲಿ ಮುಂದ ಕುಂಡ್ರಿಸಿ, ನನ್ನ ಕೈಯಾರೆ ಹೋಳಿಗಿ ನೀಡ್ತೇನಿ."

"ನಾ ಬರೇ ಸಹಿ ತಗೊಂಡಾಕಿ," ಎಂದು ಗದಿಗೆವ್ವ ವಹಿಯನ್ನು ಮಡಚಿದರು. "ಸಾಲ ನಮ್ಮ ಓಣ್ಯಾಗಿನ ಹೆಣ್ಣಮಕ್ಕಳ ಸಂಘದ್ದು. ಹದಿನೆಂಟ ಮಂದಿ ಅದೇವಿ. ನಿಮ್ಮ ಮನೆತನದ ಪದ್ಧತಿ ಹೇಳೇನಿ, ಎಲ್ಲಾರೂ ಬರ್ತೇವಿ ಅಂದಾರ. ಹೂರಣ ನೀವ ರುಬ್ಬಬೇಕು."