ಆಜ್ಞೆ ಸರದಿಯಲ್ಲಿದೆ

ನನಗೆ ಸಿಟ್ಟು ತಾನಾಗಿ ಬರುವುದಿಲ್ಲ. ಬರಿಸುತ್ತಾರೆ!

ಪುತ್ತೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ದೊಡ್ಡ ಪ್ರಿಂಟರ್ ಇರುವುದು ಸುಬ್ರಹ್ಮಣ್ಯದ ಶಾಖೆಯಲ್ಲಿ. ಅದನ್ನು ನೋಡಿಕೊಳ್ಳುವವಳು ಹೆಂಡತಿ ಸುಮಿತ್ರ. ನಡುವಿನ ಇಂಟರ್ನೆಟ್ ದಿನಕ್ಕೆ ಹತ್ತು ಸಲ ಸಾಯುತ್ತದೆ. ಇದಕ್ಕೆ ಮದ್ದಾಗಿ ನಾನು ಹಳೆಯ ಕಾಲದ ಒಂದು ಕಮಾಂಡ್ ಕಲಿತೆ. ಇಲ್ಲಿ ಟೈಪ್ ಮಾಡಿದರೆ ಸಾಕು. ಫೈಲೂ ಆಜ್ಞೆಯೂ ಸರದಿಯಲ್ಲಿ ಕಾದಿದ್ದು, ಲೈನ್ ಬಂದೊಡನೆ ಅಲ್ಲಿಗೆ ಹೋಗಿ ತಾವೇ ಪ್ರಿಂಟರ್ ಓಡಿಸುತ್ತವೆ.

"ಇನ್ನು ನೀನು ಅಂಗಡಿಯಲ್ಲಿ ಕೂರ್ಬೇಕಂತಲೇ ಇಲ್ಲ," ಎಂದು ಫೋನಿನಲ್ಲಿ ಘೋಷಿಸಿದೆ. ಅವಳು ಪ್ರಿಂಟರಿಗೆ ಚಿತ್ರ ಮಾತ್ರ ಅಚ್ಚಾಗಿದ್ದ ಖಾಲಿ ಮದುವೆ ಕಾರ್ಡುಗಳನ್ನು ತುಂಬಿಸಿ, ಬಾಗಿಲು ಹಾಕಿ, ಸೀಮಂತದ ಊಟಕ್ಕೆ ಹೋದಳು.

ಕಡಬದ ನಿವೃತ್ತ ಕುಶಾಲಪ್ಪ ಮಾಸ್ತರ ಮಗಳ ಮದುವೆ, ನೂರು ಕಾರ್ಡು. ಮೊದಲನೆಯದನ್ನು ಅಂದೇ ಸಂಜೆ ಸುಬ್ರಹ್ಮಣ್ಯದ ದೇವಸ್ಥಾನದಲ್ಲಿ ದೇವರ ಮುಂದಿಡಲು ಅವರು ಶಾಖೆಗೇ ಬರುವವರಿದ್ದರು. ಕಮಾಂಡ್ ಬರೆದು ಎಂಟರ್ ಒತ್ತಿದೆ. ಪರದೆ ಮೌನ. 'ಆಯಿತು' ಎಂಬ ಒಂದು ಮಾತಿಲ್ಲ! ಅದೇ ಸಾಲನ್ನು ಮತ್ತೆ ಕಳಿಸಿದೆ. ಮೌನ. ಹೆಂಡತಿಯೂ ನನ್ನನ್ನು ಇಷ್ಟು ಉದಾಸೀನ ಮಾಡಿದ್ದಿಲ್ಲ! ಹಲ್ಲು ಕಡಿಯುತ್ತ ಒಟ್ಟು ಆರು ಸಲ ಕಳಿಸಿದೆ. ಕೊನೆಯ ಸಲ ಮುಷ್ಟಿಯಿಂದ.

ಮಧ್ಯಾಹ್ನ ಲೈನ್ ಬಂತು. ಆಗ ಪರದೆಗೂ ಬಾಯಿ ಬಂತು: ಆರೂ ಆಜ್ಞೆಗಳು ತಲುಪಿವೆ! ಆರು ನೂರು ಪ್ರತಿ! ಗಾಬರಿಯಲ್ಲಿ 'ನಿಲ್ಲಿಸು' ಎಂಬ ಆಜ್ಞೆ ಕಳಿಸಿದೆ. ಅದು ಶಿಸ್ತಾಗಿ ಸರದಿಯ ಕೊನೆಗೆ ಹೋಗಿ ನಿಂತಿತು.

ಊಟ ಮುಗಿಸಿ ಅಂಗಡಿಗೆ ಬಂದ ಸುಮಿತ್ರ ಫೋನ್ ಮಾಡಿದಳು. "ಎಂತ ಮಾರಾಯ್ರೆ ಇದು? ಕಾರ್ಡೆಲ್ಲ ಖಾಲಿ!"

"ಆ ದರಿದ್ರ ಯಂತ್ರ..."

"ಯಂತ್ರ ಎಂತ ಮಾಡ್ತದೆ? ಓದ್ತೇನೆ, ಕೇಳಿ. 'ಗ್ರಾಹಕರನ್ನು ಕತ್ತೆಗಳೆಂದು ತಿಳಿದಿರಾ? ನಾಚಿಕೆಯಾಗಬೇಕು ನಿಮಗೆ!'"

ಅದು ಇಂಟರ್ನೆಟ್‌ನವರಿಗೆಂದು ನಾನು ಬೆಳಿಗ್ಗೆ ಬರೆದಿಟ್ಟ ದೂರು. 'ಮದುವೆ' ಎಂಬ ಫೈಲಿನ ಬದಲು 'ಮನವಿ' ಎಂಬ ಫೈಲು ಕಳಿಸಿದ್ದೆ! ಮೇಲೆ ಗಣಪತಿ, ಸುತ್ತ ಚಿನ್ನದ ಬಳ್ಳಿ, ನಡುವೆ ನನ್ನ ಬೈಗುಳ.

"ಮದುಮಗಳ ಹೆಸರು ಎಲ್ಲಿ ಉಂಟು ಅಂತ ಮಾಸ್ಟ್ರು ಆಗಲೇ ಬಂದು ಇಲ್ಲಿ ಹುಡುಕ್ತಾ ಇದ್ದಾರೆ. ಪೆನ್‌ಡ್ರೈವ್ ಹಿಡ್ಕೊಂಡು ಬಸ್ಸು ಹತ್ತಿ. ಆ ಕಮಾಂಡ್ ಇನ್ನು ಮುಟ್ಟಿದ್ರೆ ಜಾಗ್ರತೆ!"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿಯುತ್ತಿದ್ದೆ: ಇಂಟರ್ನೆಟ್‌ನವರ ಮೇಲೆ, ಆ ಕಮಾಂಡ್ ಕಂಡುಹಿಡಿದ ಪುಣ್ಯಾತ್ಮನ ಮೇಲೆ, ಸೀಮಂತದ ಊಟದ ಮೇಲೂ! ತಲುಪಿದ ಮೇಲೆ ಸಾದಾ ಹಳದಿ ಕಾಗದದಲ್ಲಿ ಆಮಂತ್ರಣ ಅಚ್ಚಾಯಿತು. ಸದ್ಯ, ದೇವಸ್ಥಾನದ ಬಾಗಿಲು ಹಾಕುವ ಮೊದಲೇ ಮಾಸ್ತರ ಕೈ ಸೇರಿತು.

ಅವರು ಬೈಯಲಿಲ್ಲ. ನನ್ನ ದೂರಿನ ಒಂದು ಕಾರ್ಡನ್ನು ಮೇಜಿನ ಮೇಲಿಟ್ಟು, ಕೆಂಪು ಪೆನ್ನಿನಿಂದ ಒಂದು ಶಬ್ದಕ್ಕೆ ಸುತ್ತು ಹಾಕಿದರು.

"ನಿರ್ಲಕ್ಷ ಅಲ್ಲ ಮಾರಾಯ್ರೆ, ನಿರ್ಲಕ್ಷ್ಯ. ಕೆಳಗೆ ಯ ಒತ್ತು ಉಂಟು. ಹತ್ತು ಸಲ ಬರೀರಿ ನೋಡುವ."

ಐವತ್ತೆರಡರ ಪ್ರಾಯದಲ್ಲಿ, ಹೆಂಡತಿಯ ಎದುರು, ಹತ್ತು ಸಲ ಬರೆದೆ.