ಭೀಮ್ಯಾನ ತಾಲೀಮು

ನಮ್ಮ ಸೋದರಮಾವನಿಗೆ ನಾಯಿಗೂ ಪೈಲ್ವಾನನಿಗೂ ಇರುವ ವ್ಯತ್ಯಾಸ ಗೊತ್ತಿಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಈಗ ಡೈರಿಯಲ್ಲಿ ತಾರೀಖು ಸಮೇತ ಬರೆದಿಟ್ಟಿದ್ದೇನೆ.

ಮಾಮಾ ಧಾರವಾಡದ ಕಡೆಯ ಗರಡಿಯಲ್ಲಿ ಬೆಳೆದವರು. ಈಗ ಯಲಹಂಕದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಅಟ್ಟೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅವರು, ಅತ್ತೆ, ಕಾಲೇಜಿಗೆ ಹೋಗುವ ನಾನು. ಫೆಬ್ರವರಿಯಲ್ಲಿ ಅವರ ಗೆಳೆಯರೊಬ್ಬರು ಎರಡು ತಿಂಗಳ ಬುಲ್ ಟೆರಿಯರ್ ಮರಿ ಕೊಟ್ಟರು. ಮೊಟ್ಟೆಯಂಥ ಬಿಳೀ ತಲೆ, ಪುಟ್ಟ ಕಣ್ಣು, ಆಗಲೇ ಗಟ್ಟಿ ಎದೆ. ಬೇರೆಯವರಾಗಿದ್ದರೆ ಮುದ್ದಾಡುತ್ತಿದ್ದರು. ಮಾಮಾ ಅದರ ತೊಡೆ ಹಿಚುಕಿ ನೋಡಿ, ಭೀಮ್ಯಾ ಎಂದು ಹೆಸರಿಟ್ಟು, ನಾಳೆಯಿಂದಲೇ ತಾಲೀಮು ಎಂದು ಘೋಷಿಸಿದರು!

ಗರಡಿಯ ಕ್ರಮದಂತೆ ಮೊದಲು ಖುರಾಕು: ನೆನೆಸಿ ಅರೆದ ಬಾದಾಮಿ, ಹಾಲು, ಮೇಲೊಂದು ಚಮಚ ತುಪ್ಪ. ಮರಿಯ ಹೊಟ್ಟೆಗೆ ಗರಡಿಯ ಕ್ರಮ ಗೊತ್ತಿರಬೇಕಲ್ಲ? ಮಧ್ಯಾಹ್ನದೊಳಗೆ ಹಾಲ್, ಅಡುಗೆಮನೆ, ನನ್ನ ಚಾಪೆ, ಎಲ್ಲ ಕಡೆ ಅದರ ಉತ್ತರ ಬಿದ್ದಿತ್ತು. ಅತ್ತೆ ಒರೆಸುವ ಬಟ್ಟೆಯನ್ನು ಮಾಮನ ಹೆಗಲಿಗೆ ಹಾಕಿ, "ಖುರಾಕು ನಿಮ್ದು, ಒರಸೂದೂ ನಿಮ್ದ" ಎಂದರು. ಹಾಲು ನಿಂತಿತು. ಬದಲಿಗೆ ಕೋಳಿ, ಮೊಟ್ಟೆ ಎರಡರಷ್ಟಾಯಿತು.

ಭಾನುವಾರ ಟೆರೇಸಿನ ಮೇಲೆ ಎಣ್ಣೆ ಮಾಲೀಸು. ಭೀಮ್ಯಾ ಸೋಪಿನಂತೆ ಕೈಜಾರಿ, ಮಾಮಾ ಅಖಾಡಕ್ಕೆಂದು ಪಕ್ಕದ ಕೋಗಿಲು ಬಡಾವಣೆಯ ಯಾವುದೋ ಸೈಟಿನಿಂದ ತಂದು ಹರಡಿದ್ದ ಕೆಮ್ಮಣ್ಣಿನಲ್ಲಿ ಹೊರಳಿ, ನೇರ ಬಂದು ಸೋಫಾ ಏರಿತು. ಬಿಳೀ ನಾಯಿ ಕೆಂಪಾಯಿತು, ಸೋಫಾ ಕೆಂಪಾಯಿತು. ಅತ್ತೆಯ ಮುಖದ ಬಣ್ಣವನ್ನು ನಾನು ಡೈರಿಯಲ್ಲಿ ಬರೆದಿಲ್ಲ.

ಬೀದಿಯವರು ಗೋಡೆಗೆ ಅಂಟಿಕೊಂಡು "ಕಚ್ಚತ್ತಾ ಸಾರ್?" ಎಂದರೆ ಮಾಮಾ ಗಂಭೀರವಾಗಿ, "ಕಚ್ಚೂದಿಲ್ರೀ. ಪಟ್ಟು ಹಾಕ್ತೈತಿ" ಎನ್ನುತ್ತಿದ್ದರು. ಅಷ್ಟರಲ್ಲಿ ಯಾರ ಮನೆಯಲ್ಲಾದರೂ ಕುಕ್ಕರ್ ಕೂಗಿದರೆ ನಮ್ಮ ಪೈಲ್ವಾನ ಮಾಮನ ಲುಂಗಿಯೊಳಗೆ ತಲೆ ತೂರಿಸಿ ನಡುಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಾಮಾ ಮೆಟ್ಟಿಲು ಕಸರತ್ತು ಶುರುಮಾಡಿದರು. ಬೆಳಿಗ್ಗೆ, ಸಂಜೆ, ರಸ್ತೆಯಿಂದ ಟೆರೇಸಿಗೆ, ಟೆರೇಸಿನಿಂದ ರಸ್ತೆಗೆ. ನಾನು ವಾರಕ್ಕೊಮ್ಮೆ ಮರಿಯನ್ನೆತ್ತಿಕೊಂಡು ತೂಕದ ಯಂತ್ರ ಹತ್ತಿ, ನನ್ನ ತೂಕ ಕಳೆದು ಬರೆಯುತ್ತಿದ್ದೆ. ಭೀಮ್ಯಾನ ತೂಕ ಏರಿದಂತೆಲ್ಲ ಮಾಮನ ಮೀಸೆಯೂ ಏರುತ್ತಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ಭೀಮ್ಯಾ ಮೊದಲ ಮೆಟ್ಟಿಲ ಬಳಿಯೇ ಕುಳಿತುಬಿಟ್ಟಿತು. ಎಡ ಮುಂಗಾಲು ಊರಲು ಆಗುತ್ತಿರಲಿಲ್ಲ.

ಹೆಬ್ಬಾಳದ ಪಶುವೈದ್ಯರು ಎಕ್ಸ್‌ರೇ ನೋಡಿ, "ಮೈ ನೋಡಿ ಮೋಸ ಹೋಗ್ಬೇಡಿ ಸಾರ್, ಇದಿನ್ನೂ ಮಗು. ಮೂಳೆ ಗಟ್ಟಿ ಆಗಿಲ್ಲ. ಹಿಂಗೇ ಬಿಟ್ರೆ ಕಾಲು ಸೊಟ್ಟಾಗೇ ನಿಂತ್‌ಬಿಡತ್ತೆ" ಎಂದರು. ತೂಕ ಇಳಿಯಬೇಕು, ಮೆಟ್ಟಿಲು, ಜಿಗಿತ ಎಲ್ಲ ಬಂದ್. ಸರಿಹೋಗುತ್ತದೆಯೇ ಎಂದರೆ, ಎರಡು ತಿಂಗಳು ನೋಡೋಣ ಎಂದರು. ವಾಪಸಾಗುವಾಗ ಮಾಮಾ ಫ್ಲೈಓವರ್ ಟ್ರಾಫಿಕ್ಕಿನಲ್ಲಿ ಆಟೋ ನಿಂತಷ್ಟು ಹೊತ್ತೂ ಆ ಪುಟ್ಟ ಕಾಲನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು.

ಅಂದಿನಿಂದ ಅದನ್ನು ಹೊರಗೆ ಬಿಡಬೇಕಾದಾಗಲೆಲ್ಲ ಮಾಮಾನೇ ಎತ್ತಿಕೊಂಡು ಎರಡು ಮಹಡಿ ಇಳಿದರು, ಹತ್ತಿದರು. ಕೆಮ್ಮಣ್ಣು ಕೆಳಗಿನ ದಾಸವಾಳದ ಬುಡ ಸೇರಿತು. ಹೇಳಿದ ದಿನ ಹೋದಾಗ ವೈದ್ಯರು, ಕಾಲು ನೆಟ್ಟಗಾಗಿದೆ, ಇನ್ನು ನಿಧಾನವಾಗಿ ಮೆಟ್ಟಿಲು ಹತ್ತಲಿ ಎಂದರು.

ಮನೆಯ ಮುಂದೆ ಆಟೋ ಇಳಿದದ್ದೇ ಭೀಮ್ಯಾ ತಾನಾಗಿ ಒಂದು ಮೆಟ್ಟಿಲು ಹತ್ತಿ ನಿಂತಿತು. ಮಾಮಾ ಬಗ್ಗಿ ಎತ್ತಿಕೊಂಡರು.

"ಹತ್ತಬಹುದು ಅಂದ್ರಲ್ಲ ಮಾಮಾ?" ಎಂದೆ.

"ನಾಳೆ ಹತ್ತತೈತಿ ಬಿಡವಾ. ಗರಡ್ಯಾಗ ನನ್ನ ಮೊಣಕಾಲು ಹೋದಾಗ ನನಗ ಹದಿಮೂರು. ಇನ್ನೂ ಸಣ್ಣ ಹುಡುಗ ಅದಾನ, ಸಾಕು ಬಿಡ್ರಿ ಅಂತ ಒಬ್ಬರೂ ಅನ್ನಲಿಲ್ಲ."

ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳುತ್ತ ಅವರು ಹತ್ತತೊಡಗಿದರು. ಇಷ್ಟು ವರ್ಷ ಅದನ್ನು ನಾನು ಪೈಲ್ವಾನರ ಠೀವಿ ಎಂದುಕೊಂಡಿದ್ದೆ.